ಬಂಡವಾಳ ಬಯಲಾದ ದಿನ

ಮೊನ್ನೆ ಗುಂಡ್ಲುಪೇಟೆಯ ಮಾರುಕಟ್ಟೆಯಲ್ಲಿ ಯಾರೋ ಹಸಿಶುಂಠಿಯ ಮೂಟೆ ಬಿಚ್ಚಿದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕಾಲೇಜಿನ ನಮ್ಮ ಎಕನಾಮಿಕ್ಸ್ ಮೇಡಂ ಕಣ್ಣಮುಂದೆ ಬಂದು ನಿಂತರು.

ಹರದನಹಳ್ಳಿ ಕಡೆಯವರು. ಪಾಠದ ನಡುವೆ ಊರಿನ ಮಾತು ತಾನಾಗಿ ನುಸುಳುತ್ತಿತ್ತು. ವಿದೇಶಿ ವ್ಯಾಪಾರದ ಪಾಠದ ದಿನ ಎಡಗಡೆಯ ಬೆಂಚುಗಳನ್ನು ಕೇರಳ ಮಾಡಿದರು, ಬಲಗಡೆಯವು ಗುಂಡ್ಲುಪೇಟೆ. ಎರಡು ದೇಶ ಅಂದುಕೊಳ್ಳಿ ಎಂದರು. ಒಂದು ದೇಶ ಎಲ್ಲ ಬೆಳೆಯಲ್ಲೂ ಮುಂದಿದ್ದರೂ ಇನ್ನೊಂದಕ್ಕೆ ಕೆಲಸ ತಪ್ಪುವುದಿಲ್ಲ. ತಮಗೆ ಹೆಚ್ಚು ಒಗ್ಗಿದ್ದನ್ನು ಬೆಳೆದು ಬದಲಾಯಿಸಿಕೊಂಡರೆ ಇಬ್ಬರಿಗೂ ಲಾಭ. ಆದರೆ ಒಂದು ಷರತ್ತು: ಸರಕು ಗಡಿ ದಾಟಬಹುದು, ಬಂಡವಾಳ ದಾಟಬಾರದು.

ನನಗೆ ಬಾಯಿ ತಡೆಯಲಿಲ್ಲ. "ಮೇಡಂ, ನಮ್ಮೂರು ಹಂಗಳಕ್ಕೆ ಅದು ದಾಟಿ ಬಂದ್ಬುಟ್ಟದೆ. ವಯನಾಡಿನೋರು ಶುಂಠಿ ಹಾಕಕ್ಕೆ ನಮ್ಮೊಲ ಕೇಳವ್ರೆ. ದುಡ್ಡು, ಬಿತ್ನೆ, ಪಂಪು, ಎಲ್ಲಾ ಅವರ್ದೇ."

ಮೇಡಂ ಸೀಮೆಸುಣ್ಣ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಂಗಾದ್ರೆ ಇವತ್ತು ನನ್ನ ಪಾಠದ ಬಂಡವಾಳ ಬಯಲಾಯ್ತು ಬುಡಮ್ಮಿ."

ನನಗೆ ಮಾತ್ರ ನಗು ಬರಲಿಲ್ಲ. ಅಪ್ಪ ಇಡೀ ಹೊಲವನ್ನು ಗುತ್ತಿಗೆಗೆ ಕೊಡಲು ಒಪ್ಪಿದ್ದರು. ಬಾವಿ ಪಕ್ಕದ ತುಂಡಿನಲ್ಲಿ ಟೊಮೆಟೊ, ಬೀನ್ಸ್ ಬೆಳೆಯುತ್ತಿದ್ದ ಅಮ್ಮ, ಅದೊಂದನ್ನಾದರೂ ಉಳಿಸಿ ಎಂದು ದಿನಾ ಅಪ್ಪನನ್ನು ಬೇಡುತ್ತಿದ್ದಳು. ಇದನ್ನು ಮೇಡಂಗೆ ಹೇಳಿದೆ.

ಭಾನುವಾರ ಬಸ್ಸು ಹತ್ತಿ ನಮ್ಮ ಹೊಲಕ್ಕೇ ಬಂದುಬಿಟ್ಟರು! ಹೊಲ ಕೇಳಿದ್ದ ವಯನಾಡಿನ ಶುಂಠಿ ಸಾಹುಕಾರರೂ ಅಲ್ಲಿದ್ದರು, ನಗುಮುಖದ ಮನುಷ್ಯ. ಇಲ್ಲಿ ಮುಗಿದ ಮೇಲೆ ಎಲ್ಲಿಗೆ ಎಂದು ಮೇಡಂ ಕೇಳಿದ್ದಕ್ಕೆ, "ಶುಂಠಿ ತೆಗೆದ ಮಣ್ಣಲ್ಲಿ ಮತ್ತೆ ಶುಂಠಿ ಬಾರದು, ಎಲ್ಲಿ ಹೊಸ ಮಣ್ಣು ಉಂಟೋ ಅಲ್ಲಿಗೆ" ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಮೇಡಂ ಅಪ್ಪನ ಕಡೆ ತಿರುಗಿದರು.

"ಅಣ್ಣ, ಇವರ ಬಂಡವಾಳ ಬಸ್ ಹತ್ತಿ ಹೋಯ್ತದೆ. ನಿಮ್ಮ ಹೊಲ ಹತ್ತುತದಾ?"

ಸಾಹುಕಾರರೇ ಮೊದಲು ನಕ್ಕರು. ಅಪ್ಪ ತಲೆ ಕೆರೆದುಕೊಂಡು, ಆಚೆಯ ಅರ್ಧ ಮಾತ್ರ ಕೊಟ್ಟು ಬಾವಿ ಕಡೆಯದನ್ನು ಉಳಿಸಿಕೊಂಡರು. ಅವತ್ತು ಅಮ್ಮ ಮೇಡಂಗೆ ಬಡಿಸಿದ ಊಟ... ತಟ್ಟೆಯಲ್ಲಿ ಜಾಗವೇ ಇರಲಿಲ್ಲ.

ಶುಂಠಿ ಕಿತ್ತ ಮೇಲೆ ಸಾಹುಕಾರರು ಹೇಳಿದಂತೆಯೇ ಬೇರೆ ಸೀಮೆಗೆ ಹೋದರು. ಬಂಡವಾಳಕ್ಕೆ ಕಾಲು ಬಂದರೆ ಹಳೆಯ ಸಿದ್ಧಾಂತ ನಿಲ್ಲದು, ದುಡ್ಡು ಲಾಭ ಇದ್ದಲ್ಲಿಗೇ ನಡೆಯುತ್ತದೆ ಎಂದು ಮೇಡಂ ಮುಂದಿನ ವರ್ಷಗಳ ಮಕ್ಕಳಿಗೆಲ್ಲ ನಮ್ಮ ಹೊಲದ ಕಥೆ ಹೇಳುತ್ತಿದ್ದರಂತೆ. ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ.

ಮೇಡಂ ತೀರಿಕೊಂಡು ತಿಂಗಳಾಯಿತು. ಅಮ್ಮನಿಗೆ ಹೇಳಲು ಬಾಯಿ ಬಂದಿರಲಿಲ್ಲ. ಮೊನ್ನೆ ಹೇಳಿಯೇ ಬಿಡಬೇಕೆಂದು ಮಾರುಕಟ್ಟೆಯಿಂದ ಸೀದಾ ಹಂಗಳಕ್ಕೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ತುಂಬಿದ ಚೀಲವೊಂದನ್ನು ಕೈಗಿಟ್ಟಳು.

"ಎಳೇ ಬೀನ್ಸು ಕಣಮ್ಮಿ. ನಿಮ್ಮ ಮೇಡಂಗೆ ಕೊಟ್ಬುಡು."

ಈಸಿಕೊಂಡೆ...