ವೇದಾವತಿ ಅಜ್ಜಿಯ ಕಾಲು ಊದಿದ ವಾರ

ನನ್ನ ಅಕ್ಕ ವರ್ಣಿಕಾ ಡಾಕ್ಟರಾಗಬೇಕೆಂದು ಓದುತ್ತಿರುವವಳು. ಮೆಡಿಕಲ್ ಸೀಟು ಇನ್ನೂ ಸಿಕ್ಕಿಲ್ಲ. ಜೂನಿಯರ್ ಕಾಲೇಜು ಮುಗಿಸಿದಾಗ ಒಮ್ಮೆ ಪ್ರಯತ್ನಿಸಿದಳು, ಆಗಲಿಲ್ಲ. ಸಿಂಗಪುರದಲ್ಲಿ ಇನ್ನೊಂದು ದಾರಿಯಿದೆ. ಮೊದಲು ಬೇರೊಂದು ಪದವಿ ಮಾಡಿ, ಒಳ್ಳೆಯ ಅಂಕ ತೆಗೆದು, ಆಮೇಲೆ ಮೆಡಿಕಲ್‌ಗೆ ಅರ್ಜಿ ಹಾಕುವುದು. ಆ ದಾರಿ ಹಿಡಿದು ಅವಳು ಒಂದು ಸಣ್ಣ ಖಾಸಗಿ ಕಾಲೇಜಿನಲ್ಲಿ ಬಯೋಮೆಡಿಕಲ್ ಸೈನ್ಸ್ ಓದಲು ಸೇರಿದಳು. ಮೊದಲ ವರ್ಷ ಇಡೀ ತರಗತಿಗೆ ಅವಳೇ ಮೊದಲು.

ಜುರಾಂಗ್ ಈಸ್ಟ್‌ನ ನಮ್ಮ ಬ್ಲಾಕಿನಲ್ಲಿರುವ ಕನ್ನಡದವರು ಅವಳನ್ನು ಆಗಲೇ ಡಾಕ್ಟರ್ ಮಾಡಿಬಿಟ್ಟಿದ್ದರು. ಲಿಫ್ಟಿನಲ್ಲಿ ಸಿಕ್ಕರೆ ರಕ್ತಪರೀಕ್ಷೆಯ ರಿಪೋರ್ಟನ್ನು ಫೋನಿನಲ್ಲಿ ತೆಗೆದು ತೋರಿಸುವರು. ಅಕ್ಕ ನಕ್ಕು, "ನಾನಿನ್ನೂ ಕಪ್ಪೆ ಕುಯ್ಯೋ ಡಾಕ್ಟರ್ ಆಂಟಿ" ಅನ್ನುವಳು.

ಕಳೆದ ಜೂನ್‌ನಲ್ಲಿ ಕ್ಲೆಮೆಂಟಿ ಹತ್ತಿರದ ದೊಡ್ಡ ವಿಶ್ವವಿದ್ಯಾಲಯದಿಂದ ಅವಳಿಗೆ ಆಫರ್ ಬಂತು. ಸುಮ್ಮನೆ ಹಾಕಿದ್ದ ಅರ್ಜಿ. ಬರುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. ಆದರೆ ಹಿಂದಿನ ವರ್ಷದ ಓದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮತ್ತೆ ಮೊದಲ ವರ್ಷದಿಂದ ಶುರು ಮಾಡಬೇಕು, ಅಂಕಗಳೂ ಹೊಸದಾಗಿ ಕೂಡಬೇಕು. ಒಪ್ಪಿಗೆ ತಿಳಿಸಲು ತಿಂಗಳ ಕೊನೆಯವರೆಗೆ ಸಮಯವಿತ್ತು.

"ಇಲ್ಲಿ ಫಸ್ಟ್ ಬರ್ತಾ ಇದೀಯ. ಅಲ್ಲಿಗೆ ಹೋಗಿ ಗುಂಪಲ್ಲಿ ಗೋವಿಂದ ಆಗ್ಬೇಕಾ?" ಎಂದರು ಅಪ್ಪ.

"ಅವಳು ಯೋಚ್ನೆ ಮಾಡ್ಲಿ ಬಿಡ್ರೀ," ಎಂದರು ಅಮ್ಮ. "ನೀವು ಆಫೀಸಲ್ಲಿ ಟೀಮ್ ಚೇಂಜ್ ಮಾಡೋಕೇ ಆರು ತಿಂಗ್ಳು ತಗೊಂಡ್ರಿ."

ಅಕ್ಕನ ಮನಸ್ಸು ಹಳೆಯ ಕಾಲೇಜಿನಲ್ಲೇ ಉಳಿಯುವ ಕಡೆಗಿತ್ತು. "ಮೆಡಿಕಲ್‌ನೋರು ಮಾರ್ಕ್ಸ್ ನೋಡ್ತಾರೆ ಕಣೇ. ಇಲ್ಲಿ ಅದು ಕೈಯಲ್ಲಿದೆ. ಅಲ್ಲಿ ಹೋಗಿ ಕಳ್ಕೊಂಡ್ರೆ ಮುಗೀತು, ಡಾಕ್ಟರ್ ಆಗೋದೇ ಇಲ್ಲ" ಎಂದು ನನಗೆ ಹೇಳಿದಳು. ನಾನು ಪಾಲಿಟೆಕ್ನಿಕ್ ಬಿಟ್ಟು ಮನೆಯಲ್ಲಿದ್ದ ದಿನಗಳವು. ಹಾಗಾಗಿ ಮುಂದೆ ನಡೆದದ್ದರಲ್ಲಿ ಬಹಳಷ್ಟನ್ನು ನಾನೇ ನೋಡಿದ್ದೇನೆ.

ಎಂಟನೆಯ ಮಹಡಿಯ ಶಿವರಾಮ್ ಅಂಕಲ್ ಮನೆಗೆ ಅವರ ತಾಯಿ ವೇದಾವತಿ ಅಜ್ಜಿ ಮೈಸೂರಿನಿಂದ ಬಂದಿದ್ದರು. ಒಂದು ಬೆಳಿಗ್ಗೆ ಅಜ್ಜಿಗೆ ತಲೆನೋವು. ಅಂಕಲ್, ಆಂಟಿ ಇಬ್ಬರೂ ಆಫೀಸಿನಲ್ಲಿ. ಅಂಕಲ್ ಫೋನ್ ಮಾಡಿದ್ದಕ್ಕೆ ಅಕ್ಕ ಅಜ್ಜಿಯನ್ನು ಬ್ಲಾಕಿನ ಕೆಳಗಿರುವ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ನಾನೂ ಹೋದೆ. ಅಲ್ಲಿಯ ಡಾಕ್ಟರ್ ಲಿಮ್ ಸಮಾಧಾನದ ಹೆಂಗಸು. ಅಜ್ಜಿಗೆ ಇಂಗ್ಲಿಷ್ ಬಾರದು, ಡಾಕ್ಟರಿಗೆ ಕನ್ನಡ ಬಾರದು. ಮಾತೆಲ್ಲ ಅಕ್ಕನ ಮೂಲಕವೇ.

ಬಿಪಿ ಹೆಚ್ಚಿತ್ತು. ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತಾರಾ ಎಂದು ಡಾಕ್ಟರ್ ಕೇಳಿದರು. ಅಕ್ಕ ಅದನ್ನೇ ಕನ್ನಡದಲ್ಲಿ ಕೇಳಿದಳು.

"ಔಷಧೀನಾ? ಯಾವ್ದೂ ಇಲ್ಲಮ್ಮ. ದೇವರ ದಯೆ, ಗಟ್ಟಿಯಾಗಿದೀನಿ."

ಅಕ್ಕ ಇಲ್ಲ ಎಂದು ತಿಳಿಸಿದಳು. ಡಾಕ್ಟರ್ ದಿನಕ್ಕೊಂದರಂತೆ ಬಿಪಿ ಮಾತ್ರೆ ಬರೆದುಕೊಟ್ಟರು.

ವಾರ ಕಳೆಯುವುದರೊಳಗೆ ಅಜ್ಜಿಯ ಕಾಲು ಊದಿಕೊಂಡಿತು. ಅಜ್ಜಿ ಬೈದದ್ದು ಮಾತ್ರ ಚಪ್ಪಲಿಯನ್ನು. "ಲಿಟಲ್ ಇಂಡಿಯಾದಲ್ಲಿ ಕೊಡ್ಸಿದ್ ಚಪ್ಲಿ ನೋಡೇ, ವಾರಕ್ಕೇ ಬಿಗಿ ಆಗೋಯ್ತು!" ಎದ್ದು ನಿಂತರೆ ತಲೆ ಸುತ್ತುತ್ತದೆಂದೂ ಹೇಳಿದರು. ಅಕ್ಕ ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದಳು. ಅಜ್ಜಿ ಕಾಫಿ ಕುಡಿದು, ಡಾಕ್ಟರ್ ಲಿಮ್ ಕೊಟ್ಟ ಮಾತ್ರೆ ನುಂಗಿ, ಆಮೇಲೆ ಸೆರಗಿನ ಮರೆಯಿಂದ ಒಂದು ಪುಟ್ಟ ಡಬ್ಬಿ ತೆಗೆದು ಇನ್ನೊಂದು ಮಾತ್ರೆ ಬಾಯಿಗೆ ಹಾಕಿಕೊಂಡರು.

"ಅಜ್ಜಿ, ಅದೇನು?"

"ಬಿಪಿ ಮಾತ್ರೆ."

"ಔಷಧಿ ಏನೂ ತಗೊಳ್ಳಲ್ಲ ಅಂದ್ರಲ್ಲ!"

"ಇದು ಔಷಧಿ ಅಲ್ವೇ. ಇದು ದಿನಾ ತಗೊಳ್ಳೋದು, ಕಾಫಿ ಇದ್ದ ಹಾಗೆ. ಔಷಧಿ ಅಂದ್ರೆ ಕಾಯಿಲೆ ಬಂದಾಗ ತಗೊಳ್ಳೋದು. ಅಷ್ಟೂ ಗೊತ್ತಿಲ್ವಾ ನಿಂಗೆ? ಡಾಕ್ಟರ್ ಓದ್ತೀಯಂತೆ!"

ಅಕ್ಕ ತಿಳಿಸಿದ ಮೇಲೆ ಶಿವರಾಮ್ ಅಂಕಲ್ ಮೈಸೂರಿನ ಡಾಕ್ಟರು ಬರೆದಿದ್ದ ಚೀಟಿಯ ಫೋಟೋವನ್ನು ಊರಿನಿಂದ ತರಿಸಿ ಕಳುಹಿಸಿದರು. ಎರಡು ಕಂಪನಿ, ಎರಡು ಹೆಸರು, ಒಳಗಿನ ಔಷಧ ಒಂದೇ. ಅಜ್ಜಿ ವಾರವಿಡೀ ಎರಡರಷ್ಟು ನುಂಗಿದ್ದರು.

ಮತ್ತೆ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರ್ ಲಿಮ್ ಪರೀಕ್ಷಿಸಿ, ಹೆದರುವಂಥದ್ದೇನೂ ಇಲ್ಲ, ಒಂದನ್ನು ನಿಲ್ಲಿಸಿದರೆ ಊತ ಇಳಿಯುತ್ತದೆ ಎಂದರು. ತಾನೂ ಬೇರೆ ರೀತಿಯಲ್ಲಿ ಕೇಳಬೇಕಿತ್ತು, ಇನ್ನು ಮುಂದೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನೇನು ನುಂಗುತ್ತೀರಿ ಎಂದೇ ಕೇಳುತ್ತೇನೆ ಎಂದು ನಕ್ಕರು. ಅಕ್ಕನಿಗೆ ಸ್ವಲ್ಪ ಉಸಿರು ಬಂತು. ಅವಳು ಏನು ಓದುತ್ತಿದ್ದಾಳೆಂದು ತಿಳಿದಾಗ ಡಾಕ್ಟರ್ ತುಂಬ ಸಹಜವಾಗಿ ಒಂದು ಪ್ರಶ್ನೆ ಕೇಳಿದರು: ಬಿಪಿ ಇಳಿಸುವ ಮಾತ್ರೆ ಕಾಲನ್ನು ಯಾಕೆ ಊದಿಸುತ್ತದೆ, ಹೇಳು ನೋಡೋಣ?

ನಾನು ಅಕ್ಕನ ಮುಖವನ್ನೇ ನೋಡುತ್ತಿದ್ದೆ. ಅವಳು ನೆನಪು ಮಾಡಿಕೊಳ್ಳುತ್ತಿರಲಿಲ್ಲ. ನೆನಪು ಮಾಡಿಕೊಳ್ಳಲು ಏನೂ ಇರಲಿಲ್ಲ. ತಿಳಿದುಕೊಂಡು ಬಂದು ನನಗೂ ಹೇಳು ಎಂದು ಡಾಕ್ಟರ್ ಬೀಳ್ಕೊಟ್ಟರು.

ವಾಯ್ಡ್ ಡೆಕ್‌ನಲ್ಲಿ, ಅಂದರೆ ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ, ಕಲ್ಲುಮೇಜಿನ ಹತ್ತಿರ ಕೂತು ಅಕ್ಕ ನನಗೆ ವಿಷಯ ಹೇಳಿದಳು. ಅವಳ ಕಾಲೇಜಿನಲ್ಲಿ ಪ್ರತಿ ಪರೀಕ್ಷೆಗೂ ಮುಂಚೆ ಕೊನೆಯದೊಂದು ಕ್ಲಾಸ್ ಇರುತ್ತದೆ. ಯಾವ ಪಾಠ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಮೇಷ್ಟ್ರೇ ಹೇಳಿಬಿಡುತ್ತಾರೆ. ಬರುವುದನ್ನು ಅವಳು ಬೇರೆ ಯಾರಿಗಿಂತಲೂ ಚೆನ್ನಾಗಿ ಓದುತ್ತಿದ್ದಳು. ರಕ್ತನಾಳಗಳ ಪಾಠ ಬರುವುದಿಲ್ಲ ಎಂದಿದ್ದರು. ಅದೇ ವಿಷಯದಲ್ಲಿ ಅವಳಿಗೆ ತೊಂಬತ್ತನಾಲ್ಕು.

ಆ ಮಧ್ಯಾಹ್ನ ಅವಳು ಆ ಪಾಠ ತೆಗೆದು ಓದಲು ಕೂತಳು. ಊಟಕ್ಕೆ ಎರಡು ಸಲ ಕರೆಯಬೇಕಾಯಿತು. ಒಂದು ಗೊತ್ತಾಗಬೇಕಾದರೆ ಅದಕ್ಕೂ ಹಿಂದಿನದು ಗೊತ್ತಿರಬೇಕು. ಹಾಗೆ ಹಿಂದೆ ಹಿಂದೆ ಹೋಗುತ್ತಾ ಅವಳು ಬಿಟ್ಟಿದ್ದ ಪಾಠಗಳೆಲ್ಲ ಹೊರಬಂದವು. ಬೇಸರವಾಗಿರಬೇಕೆಂದು ಇಣುಕಿ ನೋಡಿದೆ. ಇಲ್ಲ, ಅವಳು ಉತ್ಸಾಹದಲ್ಲಿ ಕಾಲು ಅಲ್ಲಾಡಿಸುತ್ತಿದ್ದಳು.

ಮರುದಿನ ಎಂಟನೆಯ ಮಹಡಿಗೆ ಹೋಗಿ ಅಜ್ಜಿಗೇ ಮೊದಲು ವಿವರಿಸಿದಳು. "ಈ ಮಾತ್ರೆ ರಕ್ತ ತರೋ ಸಣ್ಣ ನಾಳಗಳನ್ನ ಅಗಲ ಮಾಡತ್ತೆ ಅಜ್ಜಿ. ವಾಪಸ್ ತಗೊಂಡ್ ಹೋಗೋ ನಾಳ ಅಷ್ಟು ಅಗಲ ಆಗಲ್ಲ. ಅದಕ್ಕೇ ನೀರು ಹೊರಗೆ ಜಿನುಗಿ ಕಾಲಲ್ಲಿ ನಿಲ್ಲತ್ತೆ."

"ಕೆಆರ್‌ಎಸ್ ಗೇಟ್ ತೆಗೆದ್ಬಿಟ್ಟು, ಮುಂದೆ ನಾಲೆ ಕಿರಿದಾದ್ರೆ ನೀರು ಗದ್ದೆಗೆ ನುಗ್ಗಲ್ವೇ, ಹಾಗೆ ಅನ್ನು."

"ಹಾಗೇ ಅಜ್ಜಿ!"

"ಇದನ್ನ ಮೊದ್ಲೇ ಹೇಳಿದ್ರೆ ಚಪ್ಲೀನ ಬೈತಿರ್ಲಿಲ್ಲ."

ಆ ಸಂಜೆ ಅಕ್ಕ ಅಪ್ಪನ ಮುಂದೆ ಕೂತು, ಆಫರ್ ಒಪ್ಪಿಕೊಳ್ಳುತ್ತೇನೆ ಎಂದಳು.

"ಒಂದು ತಪ್ಪಾಯ್ತು ಅಂತ ಒಂದು ವರ್ಷ ಬಿಟ್ಕೊಡ್ತಾರೇನಮ್ಮ?" ಎಂದರು ಅಪ್ಪ. "ಇಲ್ಲೇ ಇದ್ದು ಎಲ್ಲಾ ಪಾಠ ಓದ್ಕೊ. ಯಾರು ಬೇಡ ಅಂತಾರೆ?"

"ಓದಲ್ಲ ಅಪ್ಪ. ಓದ್ದೇ ಇದ್ರೂ ಫಸ್ಟ್ ಬರ್ತೀನಿ ಅಂತ ಗೊತ್ತಿರೋವಾಗ ನಾನು ಓದಲ್ಲ. ಒಂದು ವರ್ಷ ನೋಡಿದೀನಲ್ಲ ನನ್ನನ್ನ. ಅಲ್ಲಿ ಪರೀಕ್ಷೇಲಿ ಏನು ಬರತ್ತೆ ಅಂತ ಯಾರೂ ಹೇಳಲ್ವಂತೆ."

"ಅಲ್ಲಿ ಮಾರ್ಕ್ಸ್ ಕಮ್ಮಿಯಾಗಿ ಮೆಡಿಕಲ್ ಸಿಗ್ದೇ ಹೋದ್ರೆ?"

"ಹೋಗ್ಬಹುದು. ಆದ್ರೆ ಸಿಕ್ಕಿದ್ಮೇಲೆ ಪೇಷಂಟ್ ಎದುರಿಗೆ ನಿನ್ನೆ ಥರ ಉತ್ತರ ಗೊತ್ತಿಲ್ದೆ ಕೂತ್ಕೊಳ್ಳೋಕೆ ನನಗೆ ಆಗಲ್ಲ."

ಅಪ್ಪ ಅಮ್ಮನ ಕಡೆ ನೋಡಿದರು. ಅಮ್ಮ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟರು.

ಆಗಸ್ಟ್‌ನಲ್ಲಿ ಅಕ್ಕ ಮತ್ತೆ ಮೊದಲ ವರ್ಷಕ್ಕೆ ಹೋದಳು. ಅವಳಿಗಿಂತ ಚಿಕ್ಕವರ ಜೊತೆ, ನೂರಾರು ಜನ ಕೂರುವ ದೊಡ್ಡ ಹಾಲಿನಲ್ಲಿ. ಮೊದಲ ಟೆಸ್ಟಿನಲ್ಲಿ ಅವಳ ಅಂಕ ತರಗತಿಯ ಸರಾಸರಿಗಿಂತ ಸ್ವಲ್ಪ ಕೆಳಗಿತ್ತು. ಅಂದು ಊಟದ ಹೊತ್ತಿಗೆ ಅದನ್ನು ಹೇಳಿ, ಅವಳು ಅಪ್ಪನ ಮುಖ ನೋಡದೆ ಅನ್ನಕ್ಕೆ ಸಾರು ಕಲೆಸುತ್ತಿದ್ದಳು. ಎರಡನೆಯ ಟೆಸ್ಟಿನಲ್ಲಿ ಸರಾಸರಿಗೆ ಬಂದಳು. ಮೆಡಿಕಲ್‌ಗೆ ಅಷ್ಟು ಸಾಲದು, ಅದು ಅವಳಿಗೂ ಗೊತ್ತು. ಇನ್ನೂ ಮೂರು ವರ್ಷಕ್ಕೂ ಹೆಚ್ಚು ಓದು ಬಾಕಿಯಿದೆ.

ಮೊನ್ನೆ ಮೂರನೆಯ ಟೆಸ್ಟಿನ ಪೇಪರ್ ತಂದಿದ್ದಳು. ಅಪ್ಪ ಅದನ್ನು ತಿರುಗಿಸಿ ನೋಡಿ, ಎಷ್ಟು ಬಂತೆಂದು ಕೇಳಲಿಲ್ಲ.

"ಇದ್ರಲ್ಲಿ ಯಾವ್ದು ಗೊತ್ತಾಗ್ಲಿಲ್ಲ?" ಎಂದರು.

ಅಕ್ಕ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತಳು.