ಲಾಡಿಯ ತೂಕ

ಗಿರಾಕಿಯನ್ನು ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಅಳೆದುಬಿಡಬೇಕು. ಗಲ್ಲಾದ ಎದುರು ಬಂದು ನಿಂತ ಮೇಲೆ ಅಳೆಯುವುದು ತಡವಾದ ಕೆಲಸ. ಈ ಲೆಕ್ಕದಲ್ಲಿ ಹೊಲಿಗೆಯಮ್ಮ ಮೊದಲ ನೋಟಕ್ಕೆ ಹೀಗಿದ್ದರು: ವಯಸ್ಸು ಐವತ್ತೆಂಟರ ಆಸುಪಾಸು, ಚಪ್ಪಲಿ ಎರಡು ಸಲ ಹೊಲಿಸಿದ್ದು, ಚೀಲ ಸ್ವಂತದ್ದು, ಕುತ್ತಿಗೆಯಲ್ಲಿ ಸರದ ಜಾಗಕ್ಕೆ ಅಳತೆಯ ಟೇಪು. ಚೌಕಾಸಿ ಮಾಡುವುದಿಲ್ಲ, ಸಾಲ ಕೇಳುವುದಿಲ್ಲ. ಬೇಳೆಯಲ್ಲಿ ಕಲ್ಲು ಸಿಕ್ಕರೆ ಮರುದಿನ ಆ ಕಲ್ಲನ್ನು ಕಾಗದದಲ್ಲಿ ಸುತ್ತಿ ತಂದು ಗಲ್ಲಾದ ಮೇಲಿಟ್ಟು, ಒಂದು ಮಾತೂ ಆಡದೆ ಹೋಗುತ್ತಾರೆ. ದಿನಸಿ ಅಂಗಡಿಯವನು ಅವರನ್ನು ‘ಲಾಭ ಕಡಿಮೆ, ತೊಂದರೆ ಇಲ್ಲ’ ಎಂಬ ಸಾಲಿಗೆ ಸೇರಿಸಿ ಹನ್ನೊಂದು ವರ್ಷ ನೆಮ್ಮದಿಯಾಗಿದ್ದ. ತೊಂದರೆಯ ವಿಷಯದಲ್ಲಿ ಅವನ ಅಂದಾಜು ತಪ್ಪಿತ್ತು. ಇದನ್ನು ಬರೆಯುತ್ತಿರುವವನು ಆ ಅಂಗಡಿಯವನೇ ಆದ್ದರಿಂದ, ಮುಂದೆ ಅವನ ಬಗ್ಗೆ ಒಳ್ಳೆಯ ಮಾತೇನಾದರೂ ಬಂದರೆ ಓದುವವರು ಅರ್ಧ ಕಳೆದು ಓದಬಹುದು.

ಹೊಲಿಗೆಯಮ್ಮನ ಮನೆಯಲ್ಲಿ ಒಂದು ಹಾವಿತ್ತು. ಹೆಬ್ಬಾವಿನ ಬಳಗದ್ದೇ, ಆದರೆ ಗಿಡ್ಡ ಜಾತಿ. ಎರಡು ಮೊಳ ಉದ್ದ, ಮಣಿಕಟ್ಟಿಗಿಂತ ದಪ್ಪ, ವಿಷವಿಲ್ಲ, ಕೋಪವೂ ಇಲ್ಲ. ಸಾಕಿದ್ದು ಮಗಳು. ಮದುವೆಯಾದಾಗ ಅತ್ತೆ ಎನಿಸಿಕೊಂಡವರು ಸೊಸೆಯ ಓದನ್ನೂ ಉದ್ಯೋಗವನ್ನೂ ಒಪ್ಪಿಕೊಂಡು, ಹಾವಿನ ವಿಷಯ ಬಂದಾಗ ಮಾತ್ರ ಕೈ ಮುಗಿದರಂತೆ. ಹಾಗಾಗಿ ಮಗಳು ಹೋದಳು, ಹಾವು ಉಳಿಯಿತು. ಹೊಲಿಗೆಯಮ್ಮ ಅದಕ್ಕೆ ಲಾಡಿ ಎಂದು ಹೆಸರಿಟ್ಟರು. ಮುದುಡಿಕೊಂಡು ಪೆಟ್ಟಿಗೆಯ ಮೂಲೆ ಸೇರಿದರೆ ಪಾಯಿಜಾಮದೊಳಗೆ ಸಿಕ್ಕಿಕೊಂಡ ಲಾಡಿಯ ಹಾಗೆ, ಎಷ್ಟು ತಡಕಿದರೂ ತುದಿ ಸಿಗುತ್ತಿರಲಿಲ್ಲ. ಮಗಳು ದಿನಾ ಫೋನ್ ಮಾಡಿ ಮೊದಲು ಲಾಡಿಯ ಕ್ಷೇಮ ಕೇಳಿ, ಆಮೇಲೆ ತಾಯಿಯದನ್ನು ಕೇಳುತ್ತಿದ್ದಳು. ಗೋದಾಮಿನಲ್ಲಿ ಇಲಿ ಕಾಟವಿದ್ದ ಅಂಗಡಿಯವನು ಒಮ್ಮೆ ಹಾವನ್ನು ಎರಡು ದಿನ ಕಳುಹಿಸಿಕೊಡಿ ಎಂದು ಕೇಳಿದ್ದ. ಅದು ಫ್ರಿಜ್ಜಿನಿಂದ ತೆಗೆದು ಬೆಚ್ಚಗೆ ಮಾಡಿಕೊಟ್ಟ ಇಲಿಯನ್ನು ಮಾತ್ರ ಮುಟ್ಟುತ್ತದೆ, ಓಡಾಡುವ ಇಲಿ ಕಂಡರೆ ಅದೇ ಹೆದರುತ್ತದೆ ಎಂದು ತಿಳಿದ ಮೇಲೆ ಆ ವ್ಯಾಪಾರ ಮುರಿದುಬಿತ್ತು.

ಚಳಿ ಶುರುವಾದ ವಾರ ಹೊಲಿಗೆಯಮ್ಮನಿಗೆ ಕೆಲಸದ ನಡುವೆ ಟಿಕ್ ಟಿಕ್ ಎಂಬ ಸದ್ದು ಕೇಳಿಸತೊಡಗಿತು. ಮೆಷಿನ್ನಿಗೆ ಎಣ್ಣೆ ಬಿಟ್ಟರು. ಸದ್ದು ನಿಲ್ಲಲಿಲ್ಲ. ಸೂಜಿ ಬದಲಿಸಿದರು, ಪಟ್ಟಿ ಬಿಗಿ ಮಾಡಿದರು, ರಿಪೇರಿಯವನನ್ನು ಕರೆಸಿ ಬೈದೂ ನೋಡಿದರು. ಮೂರನೆಯ ದಿನ ಮೆಷಿನ್ ನಿಲ್ಲಿಸಿ ಗುಂಡಿ ಹಚ್ಚುತ್ತಿದ್ದಾಗಲೂ ಟಿಕ್ ಟಿಕ್ ಎಂದದ್ದರಿಂದ ತಲೆಯೆತ್ತಿ ನೋಡಿದರೆ, ಗಾಜಿನ ಪೆಟ್ಟಿಗೆಯಲ್ಲಿ ಲಾಡಿ ಕತ್ತು ಮೇಲೆತ್ತಿ, ಬಾಯಿ ಅರ್ಧ ತೆರೆದು ಉಸಿರಾಡುತ್ತಿತ್ತು. ಪ್ರತಿ ಉಸಿರಿಗೂ ಮೂಗಿನ ತುದಿಯಲ್ಲೊಂದು ಗುಳ್ಳೆ.

ಊರಿನ ಆಚೆ ತುದಿಯಲ್ಲಿದ್ದ ಪಶುವೈದ್ಯೆ, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ನೋಡಿದ ಕೂಡಲೇ ಶ್ವಾಸಕೋಶಕ್ಕೆ ಸೋಂಕು ಎಂದರು. ಪೆಟ್ಟಿಗೆಗೆ ನೀರು ಚಿಮುಕಿಸುತ್ತೀರಾ ಎಂದು ಕೇಳಿದರು. ಹೊಲಿಗೆಯಮ್ಮ ದಿನಕ್ಕೆ ನಾಲ್ಕು ಸಲ ಚಿಮುಕಿಸುತ್ತಿದ್ದರು. ಇಸ್ತ್ರಿ ಹಾಕುವ ಮುಂಚೆ ಬಟ್ಟೆಗೆ ಚಿಮುಕಿಸಿ ಚಿಮುಕಿಸಿ ಕೈಗೆ ಹತ್ತಿದ್ದ ಅಭ್ಯಾಸ ಅದು. ಹಾದುಹೋಗುವಾಗ ಹಾವಿಗೂ ಒಂದು ಪಾಲು. ಪೆಟ್ಟಿಗೆಯ ಕೆಳಗಿದ್ದ ಕರೆಂಟಿನ ಬಿಸಿ ಹಾಸು ಯಾವಾಗಲೋ ಕೆಟ್ಟುಹೋಗಿದ್ದು ಗೊತ್ತಾಗಿರಲಿಲ್ಲ. ತಂಪು ಮತ್ತು ತೇವ ಎರಡೂ ಸೇರಿ ಲಾಡಿಯ ಎದೆ ಕಟ್ಟಿತ್ತು.

ಔಷಧಿ ಮೂರು ದಿನಕ್ಕೊಂದು ಚುಚ್ಚುಮದ್ದು, ಎರಡು ತಿಂಗಳ ಕೂಸಿಗೆ ಕೊಡುವಷ್ಟು ಸಣ್ಣ ಪ್ರಮಾಣ, ಅದೂ ತೂಕ ನೋಡಿ. ಆಸ್ಪತ್ರೆಯ ತಕ್ಕಡಿ ಕರು ನಾಯಿಗಳಿಗೆ ಮಾಡಿಸಿದ್ದು. ಅದಕ್ಕೆ ಗ್ರಾಂ ಎಂಬುದೇ ಗೊತ್ತಿರಲಿಲ್ಲ. ಸರಿಯಾದ ತಕ್ಕಡಿಯಲ್ಲಿ ತೂಗಿ ಫೋನಿನಲ್ಲಿ ಹೇಳಿ, ಆಮೇಲೆ ವಾರ ಹತ್ತು ದಿನಕ್ಕೊಮ್ಮೆ ತೂಗಿ ಎಂದರು ವೈದ್ಯೆ. ತೂಕ ನಿಂತಲ್ಲೇ ನಿಂತರೆ ಮದ್ದು ಹಿಡಿಯಿತು ಎಂದರ್ಥ. ಹತ್ತರಲ್ಲೊಂದು ಪಾಲು ಇಳಿದರೆ ಬೇರೆ ಮದ್ದು. ಅದು ಮೂತ್ರಪಿಂಡಕ್ಕೆ ಕೆಟ್ಟದ್ದು, ಊಟ ಬಿಟ್ಟಿರುವ ಹಾವು ತಡೆದುಕೊಂಡರೆ ತಡೆದುಕೊಂಡಿತು.

ಸರಿಯಾದ ತಕ್ಕಡಿ ಎಂದಾಗ ಹೊಲಿಗೆಯಮ್ಮನಿಗೆ ಹೊಳೆದದ್ದು ನಮ್ಮ ಅಂಗಡಿಯವನದು. ಹನ್ನೊಂದು ವರ್ಷದ ನಂಬಿಕೆ! ತಾವೇ ಹೊಲಿದ ದಪ್ಪ ದಿಂಬಿನ ಚೀಲದಲ್ಲಿ ಲಾಡಿಯನ್ನು ತಂದರು. ಅವರು ಹಾವನ್ನು ಕೈಗೆ ಸುತ್ತಿಕೊಂಡು ನಿಂತಾಗ ಅಂಗಡಿಯವನು ಮೊದಲು ಖಾಲಿ ಚೀಲವಿಟ್ಟು ಸೊನ್ನೆ ಮಾಡಿ, ಆಮೇಲೆ ಹಾವಿನ ಸಮೇತ ಇಟ್ಟ. ಸಾವಿರದ ನಲವತ್ತೊಂದು. ಅಷ್ಟರಲ್ಲಿ ಅಂಗಡಿಯವನ ಹೆಂಡತಿ ಒಳಗಿಂದ ಬಂದು ನೋಡಿ, ಸಕ್ಕರೆ ತೂಗುವ ಜಾಗದಲ್ಲಿ ಇದೇನು ಅಸಹ್ಯ ಎಂದು ಗಂಡನ ಮಾನ ಹರಾಜು ಹಾಕಿ, ತಕ್ಕಡಿಯನ್ನು ಮೂರು ಸಲ ಒರೆಸಿದಳು.

ಚುಚ್ಚುಮದ್ದನ್ನು ಮನೆಯಲ್ಲಿ ತಾವೇ ಕೊಡಬೇಕಿತ್ತು; ನಲವತ್ತು ವರ್ಷ ಸೂಜಿ ಹಿಡಿದ ಕೈಗೆ ಈ ಸೂಜಿ ಹೊಸದು. ಮೊದಲ ಸಲ ಕುಪ್ಪಸಗಳ ರಾಶಿಯ ನಡುವೆ ಲಾಡಿಯನ್ನು ಮಡಿಲಲ್ಲಿಟ್ಟುಕೊಂಡು, ಒಂದು ಗಂಟೆ ಹಾಗೇ ಕೂತಿದ್ದರು. ಎರಡನೆಯ ಸಲಕ್ಕೆ ಅರ್ಧ ಗಂಟೆ. ಬಿಸಿ ಹಾಸು ಹೊಸದು ಬಂತು. ನೀರಿನ ಡಬ್ಬಿ ಕೈಗೆಟುಕದ ಕಪಾಟಿಗೆ ಹೋಯಿತು. ತಾವು ಮಾತ್ರ ಕಂಬಳಿ ಹೊದ್ದು, ಮನೆಯ ಒಂದೇ ಒಂದು ಹೀಟರನ್ನು ಪೆಟ್ಟಿಗೆಯ ಕಡೆ ತಿರುಗಿಸಿ ಹೊಲಿಯುತ್ತಿದ್ದರು.

ನಾಲ್ಕು ಚುಚ್ಚುಮದ್ದು ಮುಗಿದು ಹನ್ನೆರಡನೆಯ ದಿನ ಮತ್ತೆ ತೂಗಲು ಬಂದರು. ಹೆಂಡತಿ ಗಲ್ಲಾದ ಹತ್ತಿರವೇ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಳು. ಮನೆಯ ಶಾಂತಿ ದೊಡ್ಡದೆಂದು ಅಂಗಡಿಯವನು ಅವರನ್ನು ಹಿಂದಿನ ಗೋದಾಮಿಗೆ ಕರೆದೊಯ್ದು ಅಲ್ಲಿದ್ದ ತಕ್ಕಡಿಯಲ್ಲಿ ಮೊದಲಿನಂತೆಯೇ ಚೀಲದ ತೂಕ ಕಳೆದು ತೂಗಿದ. ಒಂಬೈನೂರ ಮೂವತ್ತಮೂರು. ಹೊಲಿಗೆಯಮ್ಮ ಚೀಲದ ಬಾಯಿ ಕಟ್ಟಿಕೊಂಡು ಹೋದರು. ಅಂಗಡಿಯವನು ಅಯ್ಯೋ ಪಾಪ ಎಂದುಕೊಂಡು ಮೆಣಸಿನ ಮೂಟೆ ಇಳಿಸಿಕೊಳ್ಳಲು ಹೋದ. ಅವನಿಗೆ ನಿಜವಾಗಿಯೂ ಪಾಪ ಅನ್ನಿಸಿತ್ತು. ಅದಕ್ಕಿಂತ ಹೆಚ್ಚಿನದೇನೂ ಹೊಳೆದಿರಲಿಲ್ಲ.

ಮರುದಿನ ಮಧ್ಯಾಹ್ನ, ಅಂಗಡಿಯಲ್ಲಿ ನೊಣ ಬಿಟ್ಟರೆ ಯಾರೂ ಇಲ್ಲದ ಹೊತ್ತು, ಅವರು ಮತ್ತೆ ಬಂದರು. ಒಂದು ಕೈಯಲ್ಲಿ ಚೀಲ. ಇನ್ನೊಂದು ಕೈಯಿಂದ ಕುತ್ತಿಗೆಯ ಟೇಪು ತೆಗೆದು ಗಲ್ಲಾದ ಮೇಲಿಟ್ಟರು, ಬೇಳೆಯ ಕಲ್ಲು ಇಡುತ್ತಿದ್ದ ಜಾಗದಲ್ಲೇ. ಸಂಜೆ ಆಸ್ಪತ್ರೆಗೆ ಬರಬೇಕಂತೆ, ಇನ್ನೊಂದು ಮದ್ದು ಶುರುಮಾಡುತ್ತಾರಂತೆ ಎಂದರು.

“ಸಾಹುಕಾರ್ರೇ, ಮೊದಲು ತೂಗಿದ ದಿನ ಟೇಪು ಹಿಡಿದಿದ್ದೆ, ಸುತ್ತಳತೆ ಅವತ್ತು ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ. ಕತ್ತು, ನಡು, ಬಾಲದ ಹತ್ತಿರ, ಮೂರೂ ಕಡೆ. ನೂಲೆಳೆಯಷ್ಟೂ ಸಡಿಲ ಆಗಿಲ್ಲ. ಅದರೊಳಗಿಂದ ನೂರೆಂಟು ಗ್ರಾಂ ಎಲ್ಲಿಗೆ ಹೋಯ್ತು?”

ಅಂಗಡಿಯ ಮುಂದಿನ ತಕ್ಕಡಿ ಮಾರುವುದಕ್ಕೆ, ಹಿಂದೆ ಗೋದಾಮಿನದು ಕೊಳ್ಳುವುದಕ್ಕೆ. ಎರಡಕ್ಕೂ ಅದರದರ ಕೆಲಸಕ್ಕೆ ತಕ್ಕ ಸ್ವಭಾವವನ್ನು ಅಂಗಡಿಯವನು ಕಲಿಸಿದ್ದ. ಇಷ್ಟು ವರ್ಷದಲ್ಲಿ ಒಂದೇ ವಸ್ತುವನ್ನು ಎರಡರ ಮೇಲೂ ಯಾರೂ ಇಟ್ಟಿರಲಿಲ್ಲ. ಕೊಂಡ ಮೆಣಸನ್ನು ಮಾರುವ ಹೊತ್ತಿಗೆ ಅದು ತೂಕದಲ್ಲಿ ಬೆಳೆದದ್ದನ್ನು ಮೆಣಸು ಯಾರಿಗೂ ಹೇಳುವಂತಿರಲಿಲ್ಲ.

ತಪ್ಪಿಸಿಕೊಳ್ಳುವ ದಾರಿ ಕೈಯಳತೆಯಲ್ಲೇ ಇತ್ತು. ಹಾವಲ್ವಾ ಅಕ್ಕ, ನಿನ್ನೆ ಅಲುಗಾಡಿರಬೇಕು, ಇನ್ನೊಮ್ಮೆ ನೋಡೋಣ ಎಂದು ಮತ್ತೆ ಮೊದಲು ಖಾಲಿ ಚೀಲ, ಆಮೇಲೆ ಹಾವಿನ ಸಮೇತ ಮುಂದಿನ ತಕ್ಕಡಿಯ ಮೇಲಿಟ್ಟ. ಸಾವಿರದ ನಲವತ್ತೊಂದು. ನೋಡಿ, ಇಳಿದೇ ಇಲ್ಲ ಎಂದು ನಗಲು ಹೋದ. ಹೊಲಿಗೆಯಮ್ಮ ನಗಲಿಲ್ಲ. ಮುಂದಿನ ತಕ್ಕಡಿಯನ್ನು ನೋಡಿದರು, ಗೋದಾಮಿನ ಬಾಗಿಲನ್ನು ನೋಡಿದರು.

“ಎರಡರಲ್ಲಿ ಯಾವುದು ನಿಜ, ಅಷ್ಟು ಹೇಳಿ ಸಾಕು,” ಅಂದರು. “ಬೇರೆ ಏನೂ ಕೇಳಲ್ಲ. ಡಾಕ್ಟ್ರು ಕಾಯ್ತಿದ್ದಾರೆ.”

ಮುಂದಿನದು ಎಂದರೆ ಹಾವು ಉಳಿಯುತ್ತಿತ್ತು, ಅಂಗಡಿಯವನೂ ಉಳಿಯುತ್ತಿದ್ದ. ಅಷ್ಟೇ ಹೇಳಲು ಬಾಯಿ ತೆರೆದಿದ್ದ. ಆದರೆ ಮದ್ದು ಆ ತೂಕಕ್ಕೆ ಅಳೆದದ್ದು ಎಂಬುದು ನೆನಪಾಯಿತು. ಚೀಲದೊಳಗಿಂದ ಸಣ್ಣಗೆ ಟಿಕ್ ಎಂದಿತು.

“ಎರಡೂ ಅಲ್ಲ ಅಕ್ಕ,” ಅಂದ.

ಆಮೇಲೆ ಗಲ್ಲಾದ ಕೆಳಗಿನ ಡಬ್ಬಿಯಿಂದ, ತಪಾಸಣೆಯವರು ಬರುವ ದಿನ ಮಾತ್ರ ಬೆಳಕು ಕಾಣುತ್ತಿದ್ದ ಸರ್ಕಾರಿ ಮುದ್ರೆಯ ಒಂದು ಕಿಲೋ ತೂಕದ ಬಟ್ಟನ್ನು ಹೊರತೆಗೆದ. ಮುಂದಿನ ತಕ್ಕಡಿ ಅದನ್ನು ಸಾವಿರದ ಐವತ್ತೈದು ಎಂದಿತು. ಗೋದಾಮಿನದು ಒಂಬೈನೂರ ನಲವತ್ತೈದು ಎಂದಿತು. ಹೊಲಿಗೆಯಮ್ಮ ಒಗೆದರೆ ಕುಗ್ಗುವ ಬಟ್ಟೆ, ಹಾಕಿದರೆ ಹಿಗ್ಗುವ ಬಟ್ಟೆ ಎರಡನ್ನೂ ಬಲ್ಲ ಹೆಂಗಸು. ಬಿಲ್ಲಿನ ಹಿಂದೆ ಸೀಸದ ಕಡ್ಡಿಯಲ್ಲಿ ಲೆಕ್ಕ ಹಾಕಿದರು. ಎರಡು ದಾರಿಯಿಂದ ಬಂದರೂ ಒಂದೇ ಉತ್ತರ: ಒಂಬೈನೂರ ಎಂಬತ್ತೇಳು. ಲಾಡಿ ಒಂದು ಗ್ರಾಂ ಕೂಡ ಇಳಿದಿರಲಿಲ್ಲ.

ಫೋನು ಅಲ್ಲಿಂದಲೇ ಮಾಡಿದರು. ಅಂಗಡಿಯವನು ತಲೆ ತಗ್ಗಿಸಿ, ಈಗ ಬರುತ್ತದೆ ತನ್ನ ಹೆಸರು ಎಂದು ಕಾದ. ತೂಕ ಇಳಿದಿಲ್ಲ ಡಾಕ್ಟ್ರೇ, ತಕ್ಕಡಿ ಬೇರೆ ಬೇರೆ ಆಗಿತ್ತು, ಈಗ ಮುದ್ರೆ ಬಟ್ಟು ಇಟ್ಟು ನೋಡಿದೆ, ಒಂಬೈನೂರ ಎಂಬತ್ತೇಳು ಎಂದು ಹೇಳಿ ಹೊಲಿಗೆಯಮ್ಮ ಫೋನು ಇಟ್ಟರು. ಮೊದಲಿನ ಮದ್ದೇ ಮುಂದುವರಿಯಲಿ, ಒಂದು ಚೂರು ಕಡಿಮೆ ಮಾಡಿ, ಇಷ್ಟು ದಿನ ಕೊಟ್ಟದ್ದರಿಂದ ಏನೂ ಆಗಿಲ್ಲ ಎಂದರಂತೆ ವೈದ್ಯೆ.

ಅಂಗಡಿಯವನು ಏನೋ ಹೇಳಲು ಗಂಟಲು ಸರಿಮಾಡಿಕೊಂಡ. ಹೊಲಿಗೆಯಮ್ಮ ಟೇಪನ್ನು ಕುತ್ತಿಗೆಗೆ ಹಾಕಿಕೊಳ್ಳುತ್ತಾ, ತಮಗೂ ಒಂದು ವಿಷಯ ಹೇಳುವುದಿದೆ ಅಂದರು.

“ಪ್ಯಾಂಟಿಗೆ ಅಳತೆ ತಗೊಳ್ಳೋವಾಗ ನಿಮ್ಮ ಸೊಂಟ ಮೂವತ್ತೆಂಟು ಅಂತ ಪ್ರತಿ ಸಲ ಗಟ್ಟಿಯಾಗಿ ಹೇಳ್ತೀನಲ್ಲ, ಅದು ನಲವತ್ತೊಂದು. ಯಜಮಾನ್ತಿ ಎದುರಿಗೆ ಇರ್ತಾರೆ ಅಂತ ಹಾಗೆ. ಹೊಲಿಯೋದು ಮಾತ್ರ ನಲವತ್ತೊಂದಕ್ಕೇ.”

ಲಾಡಿಯ ಟಿಕ್ ಟಿಕ್ ನಿಲ್ಲಲು ಇನ್ನೂ ಮೂರು ವಾರ ಹಿಡಿಯಿತು. ಐದನೆಯ ವಾರ ಅದು ಒಂದು ಇಲಿ ನುಂಗಿತು; ಸುದ್ದಿ ಕೇಳಿ ಮಗಳು ಫೋನಿನಲ್ಲಿ ಅತ್ತದ್ದಕ್ಕೆ ಅತ್ತೆಯವರು ಗಾಬರಿಯಾದರಂತೆ. ತಕ್ಕಡಿಗಳನ್ನು ಅಂಗಡಿಯವನು ತಿದ್ದಿಸಿದ. ಮನಸ್ಸು ಬದಲಾಯಿತು ಎಂದರೆ ದೊಡ್ಡ ಮಾತಾದೀತು. ಪ್ರತಿ ವಾರ ಹೊಲಿಗೆಯಮ್ಮ ಲಾಡಿಯನ್ನು ತೂಗಲು ಬರುತ್ತಾರೆ, ಮೊದಲು ಬಟ್ಟು ಇಡಿ ಎನ್ನುತ್ತಾರೆ, ಹೀಗಿರುವಾಗ ಬೇರೆ ದಾರಿ ಇರಲಿಲ್ಲ. ಅವನ ಹೆಂಡತಿ ಈಗ ಲಾಡಿಗೆಂದೇ ಒಂದು ಬಟ್ಟೆ ಹಾಸಿಡುತ್ತಾಳೆ, ಗೊಣಗುವುದನ್ನು ಬಿಟ್ಟಿಲ್ಲ.

ಎರಡು ತಕ್ಕಡಿಯ ಸಂಗತಿಯನ್ನು ಹೊಲಿಗೆಯಮ್ಮ ಬೀದಿಯಲ್ಲಿ ಯಾರ ಮುಂದೆಯೂ ಬಾಯಿಬಿಡಲಿಲ್ಲ, ಇವತ್ತಿನವರೆಗೂ ಇಲ್ಲ. ಇದನ್ನು ಬರೆದ ಅಂಗಡಿಯವನಿಗೆ ಈ ಬೀದಿಯಲ್ಲಿ ಒಳ್ಳೆಯ ಹೆಸರು ಉಳಿದಿರುವುದು ಅವರ ಆ ಮೌನದಿಂದ, ಮತ್ತು ಅದಕ್ಕೆ ಅವನು ಅವರಿಗೆ ಋಣಿ.