ನಿಂತ ಚಿತ್ರದಲ್ಲಿ ತೇಲಿದ ಎಳೆ

ಕಂಪ್ಯೂಟರ್ ಆಟಗಳನ್ನು ತಯಾರಿಸುವ ಆ ಕಚೇರಿಯಲ್ಲಿ ಅವಳಿಗೆ ಹದ್ದುಗಣ್ಣಿ ಎಂದೇ ಹೆಸರು. ಹನ್ನೊಂದು ವರ್ಷದಿಂದ ತೆರೆಯ ಮೇಲಿನ ಚಿತ್ರದಲ್ಲಿ ಹುಳುಕು ಹುಡುಕುವುದೇ ಅವಳ ಕೆಲಸ. ಹಳೆಯ ಕಂಪ್ಯೂಟರಿನಲ್ಲೂ ಆಟ ತಡವರಿಸದೆ ಓಡಲೆಂದು ಚಿತ್ರವನ್ನು ಮೊದಲು ಚಿಕ್ಕದಾಗಿ ಮೂಡಿಸಿ, ಆಮೇಲೆ ಹಿಗ್ಗಿಸುತ್ತಿದ್ದರು. ಇಲ್ಲದ ವಿವರವನ್ನು ಯಂತ್ರವೇ ಊಹಿಸಿ ತುಂಬುತ್ತಿತ್ತು. ಊಹೆ ತಪ್ಪಿದರೆ ಓಡುವ ಕುದುರೆಯ ಹಿಂದೆ ಮಸುಕು ಬಾಲವೊಂದು ಉಳಿಯುತ್ತಿತ್ತು. ಅದಕ್ಕೆ ಅವರೆಲ್ಲ ದೆವ್ವ ಎನ್ನುತ್ತಿದ್ದರು.

ಒಂದು ಸೋಮವಾರ, ಹಿಮದ ಬಯಲಿನ ದೃಶ್ಯದಲ್ಲಿ ಕಪ್ಪು ಎಳೆಯೊಂದು ತೇಲುವುದನ್ನು ಕಂಡು ದೂರು ಬರೆದಳು. ಮೂರು ದಿನ ಜಾಲಾಡಿದರೂ ಬೇರೆ ಯಾರಿಗೂ ಅದು ಸಿಗಲಿಲ್ಲ. ಗುರುವಾರ ಪ್ರೋಗ್ರಾಮರ್ ಅವಳ ಮೇಜಿಗೇ ಬಂದ. ಆಟದ ವೇಗಕ್ಕಾಗಿ ಸೆಕೆಂಡಿನ ಸಾವಿರದಲ್ಲೊಂದು ಪಾಲನ್ನೂ ಬಿಡದ ಅವನನ್ನು ಎಲ್ಲರೂ ಜಿಪುಣ ಎನ್ನುತ್ತಿದ್ದರು.

"ಹಿಗ್ಗಿಸೋದನ್ನ ಆಫ್ ಮಾಡಿದೀನಿ. ಈಗ?"

"ಇದೆ. ಅಲ್ಲೇ, ಬಲಗಡೆ."

ಅವನು ಗುಂಡಿ ಒತ್ತಿದ. ಕುದುರೆ ಕಾಲೆತ್ತಿದಲ್ಲೇ ನಿಂತಿತು. ಉದುರುತ್ತಿದ್ದ ಹಿಮವೂ ಗಾಳಿಯಲ್ಲೇ ನಿಂತಿತು.

"ಆಟಾನೇ ನಿಲ್ಲಿಸಿದೀನಿ. ಈಗ?"

ನಿಂತ ಹಿಮದ ಮೇಲೆ ಎಳೆ ಮೆಲ್ಲಗೆ ಕೆಳಗಿಳಿಯಿತು. ಅದು ಇದ್ದದ್ದು ತೆರೆಯ ಮೇಲಲ್ಲ, ತನ್ನ ಕಣ್ಣಲ್ಲಿ.

"ಹೋಯ್ತು ಬಿಡಿ" ಎಂದು ಸುಳ್ಳು ಹೇಳಿದಳು.

ಶೌಚಾಲಯಕ್ಕೆ ಹೋಗಿ ಎಡಗಣ್ಣು ಮುಚ್ಚಿ ಬಿಳಿ ಟೈಲ್ಸ್ ನೋಡಿದಳು. ಎಳೆಯ ಜೊತೆಗೆ ಮಸಿ ಉದುರಿದಂತೆ ಚುಕ್ಕೆಗಳು. ಅಂಚಿನಲ್ಲಿ ಫಳಕ್ಕೆಂದು ಬೆಳಕು. ಕಣ್ಣೇ ತನ್ನ ಅನ್ನ. ಅದೇ ಹೋದರೆ ತನ್ನನ್ನು ಇಟ್ಟುಕೊಳ್ಳುವವರು ಯಾರು?

ಬಾಯಿ ಹೊಲಿದುಕೊಂಡು ಮನೆಗೆ ಬಂದಳು. ಅಡುಗೆಮನೆಯಲ್ಲಿ ಅವಳು ಮತ್ತೆ ಮತ್ತೆ ಒಂದು ಕಣ್ಣು ಮುಚ್ಚಿ ತೆರೆಯುವುದು ಅತ್ತೆಗೆ ಕಂಡಿತು.

"ಏನೇ, ಗೋಡೆಗೆ ಕಣ್ಣು ಹೊಡೀತಿದೀಯಾ? ನನ್ನ ಮಗನಿಗೆ ಹೇಳ್ತೀನಿ ನೋಡು!"

ಅವಳು ಗಳಗಳನೆ ಅತ್ತಳು. ಎಲ್ಲ ಕೇಳಿದ ಅತ್ತೆಯ ನಗು ಆರಿತು.

"ಏಳು, ಚಪ್ಪಲಿ ಹಾಕ್ಕೋ."

"ನಾಳೆ ಹೋದ್ರಾಯ್ತು ಅತ್ತೆ…"

"ನಾಳೆಗೀಳೆ ಇಲ್ಲ. ಏಳು."

ಆ ಸಂಜೆಯೇ ಡಾಕ್ಟರಮ್ಮ ಕಣ್ಣಿಗೆ ದೀಪ ಹಿಡಿದು, "ಕಣ್ಣೊಳಗಿನ ಪರದೆ, ರೆಟಿನಾ, ಹರಿದಿದೆ. ತಡ ಮಾಡಿದ್ರೆ ಕಳಚಿಕೊಳ್ತಿತ್ತು" ಎಂದರು. ಲೇಸರ್‌ನಿಂದ ಹರಿದ ಅಂಚನ್ನು ಸುತ್ತಲೂ ಬೆಸೆದರು. ಒಂದೊಂದು ಹಸಿರು ಮಿಂಚಿಗೂ ಇದೇ ತಾನು ಕಾಣುವ ಕೊನೆಯ ಬೆಳಕೇನೋ ಎಂದು ಅವಳಿಗೆ ಅನ್ನಿಸುತ್ತಿತ್ತು.

ಕಣ್ಣು ಉಳಿಯಿತು, ಕೆಲಸವೂ ಉಳಿಯಿತು. ಕರಿ ಎಳೆ ಮಾತ್ರ ಹೋಗಲಿಲ್ಲ. ಅದು ಕೊಂಚ ಅಲುಗಿದರೂ ಅವಳು ಎಡಗಣ್ಣು ಮುಚ್ಚಿ ಬಿಳಿ ಗೋಡೆ ನೋಡುತ್ತಿದ್ದಳು.

ಹತ್ತು ದಿನದ ಮೇಲೆ ಜಿಪುಣನಿಗೆ ನಿಜ ಹೇಳಿದಳು. ಅವನು ತಲೆ ತಗ್ಗಿಸಿದ.

"ನನಗೆ ಅವತ್ತೇ ಗೊತ್ತಾಯ್ತು. ಹೋಯ್ತು ಅಂದಾಗ್ಲೂ ನಿಮ್ಮ ಕಣ್ಣು ಅದರ ಹಿಂದೆ ಓಡ್ತಾನೇ ಇತ್ತು. ಬಾಯಿಬಿಟ್ಟು ಹೇಳೋಕೆ ನನಗೂ ಭಯ ಆಯ್ತು."